ಪೆಂಗ್ವಿನ್ನಿನ ನೆಗೆತ

ಕಳೆದ ಬೇಸಗೆಯ ರಜೆಗೆ ಬಂದ ಮೊಮ್ಮಗನು, ನಾವು ಗ್ರಂಥಗಳ ಕರಡು ತಿದ್ದಲು ಇರಿಸಿಕೊಂಡಿದ್ದ ಹಳೆಯ ಲಿನಕ್ಸ್ ಗಣಕಯಂತ್ರದಲ್ಲಿ 'ಸೂಪರ್‌ಟಕ್ಸ್' ಎಂಬ ಆಟವನ್ನು ಅಳವಡಿಸಿದನು. ಪೆಂಗ್ವಿನ್ನೊಂದು ಹಳ್ಳಗಳನ್ನು ಹಾರುತ್ತ, ನೋಲಾಕನು ಅಪಹರಿಸಿದ ತನ್ನ ಗೆಳತಿ ಪೆನ್ನಿಯನ್ನು ಬಿಡಿಸಿಕೊಳ್ಳಲು ಸಾಗುವ ಆಟವದು. ರಾಮಾಯಣದ ಕಥೆಯೇ ಅಲ್ಲವೆ ಎಂದು ನಾವು ನಕ್ಕೆವು.

ಆದರೆ ಕೀಲಿ ಒತ್ತಿದ ಮೇಲೆ ಪೆಂಗ್ವಿನ್ ತಡವಾಗಿ ನೆಗೆದು ಹಳ್ಳಕ್ಕೆ ಬೀಳುತ್ತಿತ್ತು. "ಅಜ್ಜಾ, ನಾನು ಸರಿಯಾಗಿಯೇ ಒತ್ತಿದೆ" ಎಂದು ಬಾಲಕನು ಹೇಳಿದರೆ, ತಾಳ್ಮೆ ಸಾಲದೆಂದು ನಾವು ಗದರಿದೆವು. ಅವನು ಮರುಮಾತಾಡದೆ ಎದ್ದು ಹೋದನು.

ರಾತ್ರಿ ನಾವೇ ಆಡಿ ನೋಡಿದೆವು, ನಾವೂ ಬಿದ್ದೆವು. 'ಜಿಎಲ್‌ಎಕ್ಸ್‌ಇನ್ಫೊ' ಎಂಬ ಆಜ್ಞೆಯಿತ್ತಾಗ, ಚಿತ್ರ ಬಿಡಿಸುವ ಸಾಧನದ ಹೆಸರು 'ಎಲ್‌ಎಲ್‌ವಿಎಂಪೈಪ್' ಎಂದು ಬಂದಿತು. ಅರ್ಥಾತ್, ಚಿತ್ರಕ್ಕೆಂದೇ ಇರುವ ಚಿಪ್ಪು ಸುಮ್ಮನೆ ಕುಳಿತು, ಸೆಕೆಂಡಿಗೆ ಹತ್ತಾರು ಚಿತ್ರಗಳನ್ನು ಬರೆಯುವ ಹೊರೆ ಮುಖ್ಯ ಸಂಸ್ಕಾರಕದ ಮೇಲೆಯೇ ಬಿದ್ದಿತ್ತು. ಕಾರಣ ಹುಡುಕಿದರೆ, ಗ್ರಬ್ ಕಡತದಲ್ಲಿ 'ನೋಮೋಡ್‌ಸೆಟ್' ಎಂಬ ಒಂದು ಪದ. ಅದಿದ್ದರೆ ಆ ಚಿಪ್ಪಿನ ಚಾಲಕ ತಂತ್ರಾಂಶವು ಕೆಲಸಕ್ಕೇ ಇಳಿಯದು. ಲಿನಕ್ಸ್ ಹಾಕಿದ ದಿನ ಪರದೆ ಕಪ್ಪಾಯಿತೆಂದು ಅದನ್ನು ತಾತ್ಕಾಲಿಕವಾಗಿ ಸೇರಿಸಿದವರು ನಾವೇ, ತೆಗೆಯಲು ಮರೆತಿದ್ದೆವು. ಕರಡು ತಿದ್ದುವ ಕಣ್ಣಿಗೆ ಈ ಪದ ಇಷ್ಟು ವರ್ಷ ಬೀಳಲಿಲ್ಲ! ಅದನ್ನಳಿಸಿ, 'ಅಪ್‌ಡೇಟ್-ಗ್ರಬ್' ಆಜ್ಞೆಯಿತ್ತು, ಯಂತ್ರವನ್ನು ಮರಳಿ ಚಾಲೂ ಮಾಡಿದೆವು. ಪರದೆ ಈ ಬಾರಿ ಕಪ್ಪಾಗಲಿಲ್ಲ.

ಬೆಳಿಗ್ಗೆ ಮೊಮ್ಮಗನನ್ನು ಕರೆದು, "ತಪ್ಪು ನಮ್ಮದಪ್ಪಾ" ಎಂದೆವು. ಅವನು ಪರದೆಯಿಂದ ಕಣ್ಣು ತೆಗೆಯದೆ, "ಇರಲಿ ಬಿಡಿ ಅಜ್ಜಾ, ನೋಡಿಲ್ಲಿ, ದಾಟಿದೆ" ಎಂದನು.