ಮೊದಲ ಉಳಿಗಳು

ಹಿಂದೆ ನಮ್ಮಲ್ಲಿ ಓದಿದ ವಿದ್ಯಾರ್ಥಿಯೊಬ್ಬರು, ಈಗ ತಾವೇ ಮಕ್ಕಳೊಂದಿಗರು, ಕಳೆದ ತಿಂಗಳು ನಮಗೊಂದು ಕಾಗದ ಬರೆದಿದ್ದರು. ಅವರ ಮಗನಿಗೆ ಮರವನ್ನು ಕಡೆಯುವ ಕೆಲಸದಲ್ಲಿ ಆಸಕ್ತಿ ಹುಟ್ಟಿದೆಯಂತೆ. ಮೇಜಿನ ಮೇಲಿಡುವಂತಹ ಚಿಕ್ಕದೊಂದು ವಿದ್ಯುತ್ತಿನ ಕಡಸಲು ಯಂತ್ರವನ್ನು ತರಿಸಿದ್ದಾರಂತೆ. ಇನ್ನು ಎಂಟು ಉಳಿಗಳ ಪೆಟ್ಟಿಗೆಯನ್ನು ಕೊಳ್ಳಬೇಕೋ ಹನ್ನೆರಡರದನ್ನೋ ಎಂಬುದು ಪ್ರಶ್ನೆ. ಸಮಾಸ ವಿಗ್ರಹವನ್ನು ಬಿಟ್ಟು ಉಳಿಗಳ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಕೇಳುವವರು ಹುಟ್ಟಿಯಾರೆಂದು ನಾವು ಎಣಿಸಿರಲಿಲ್ಲ. ನಮ್ಮ ಹಿತ್ತಲ ಕೊಠಡಿಯಲ್ಲಿ ಅಂತಹುದೇ ಯಂತ್ರವಿರುವ ಸುದ್ದಿ ಅವರ ಕಿವಿಗೆ ಬಿದ್ದಿರಬೇಕು. ಅದರೊಡನೆ ನಡೆದ ಸಂಗತಿ ಬಿದ್ದಿರಲಾರದು, ಬಿದ್ದಿದ್ದರೆ ಕೇಳುತ್ತಿರಲಿಲ್ಲ. ನಮ್ಮ ಉತ್ತರವು ಕಾಗದದ ಮೇರೆಯನ್ನು ಮೀರಿ ಬೆಳೆದುದರಿಂದ ಅದನ್ನು ಓದುಗರ ಮುಂದೆಯೂ ಇಡುತ್ತಿದ್ದೇವೆ.

ಕಡೆಯುವುದೆಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಮೊಸರನ್ನು ಕಡೆಯುವುದಕ್ಕೂ ಮರವನ್ನು ಕಡೆಯುವುದಕ್ಕೂ ಕನ್ನಡದಲ್ಲಿ ಒಂದೇ ಧಾತು. ಹಳೇಬೀಡಿನ ಪಾರ್ಶ್ವನಾಥ ಬಸದಿಯಲ್ಲಿ, ಅಂದರೆ 1133ರ ಸುಮಾರಿನಲ್ಲಿ, ಕಲ್ಲಿನ ಕಂಬಗಳನ್ನೇ ಕಡೆದು ಮುಖ ಕಾಣುವಂತೆ ನಯಗೊಳಿಸಿ ನಿಲ್ಲಿಸಿದ್ದಾರೆ. ಇನ್ನೂ ಹಿಂದಕ್ಕೆ ಹೋಗುವುದಾದರೆ ವಿಷ್ಣುಪುರಾಣದ ಕಥೆಯಿದೆ. ಸಂಜ್ಞಾದೇವಿಗೆ ತನ್ನ ಪತಿಯಾದ ಸೂರ್ಯನ ತೇಜಸ್ಸನ್ನು ತಾಳಲಾಗಲಿಲ್ಲ. ಆಕೆಯ ತಂದೆಯಾದ ವಿಶ್ವಕರ್ಮನು ಅಳಿಯನನ್ನು ಭ್ರಮಿಯಂತ್ರಕ್ಕೆ ಏರಿಸಿ ಅವನ ತೇಜಸ್ಸಿನ ಎಂಟನೆಯ ಒಂದು ಪಾಲನ್ನು ಕಡೆದು ತೆಗೆದನು. ಉದುರಿದ ಹೊಟ್ಟಿನಿಂದಲೇ ವಿಷ್ಣುವಿನ ಚಕ್ರವೂ ಶಿವನ ತ್ರಿಶೂಲವೂ ಆದುವು. ಇಷ್ಟು ದೊಡ್ಡ ಕೆಲಸಕ್ಕೆ ವಿಶ್ವಕರ್ಮನು ಎಂಟು ಉಳಿಗಳ ಪೆಟ್ಟಿಗೆಯನ್ನು ಕೊಂಡನೆಂದು ನಾವು ಎಲ್ಲಿಯೂ ಓದಿಲ್ಲ.

ಕೊಂಡವರು ನಾವು. ಮೊಮ್ಮಗನಿಗೆ ಹದಿನೈದು ತುಂಬಿದ ದಿನ, ಅಂಗಡಿಯೊಂದರಲ್ಲಿ ನೀಲಿ ಮಖಮಲ್ಲಿನ ಹಾಸಿನ ಮೇಲೆ ಎಂಟು ಉಳಿಗಳು ಸಾಲಾಗಿ ಮಲಗಿದ್ದುದನ್ನು ಕಂಡು ಮರುಳಾದೆವು. ಹಿಡಿಗಳಿಗೆ ಮೆರುಗಿತ್ತು, ಬೆಲೆ ಹಗುರವಾಗಿತ್ತು. ಒಂದೊಂದು ಏತಕ್ಕೆಂದು ಅಂಗಡಿಯವರನ್ನು ಕೇಳಲಿಲ್ಲ. ಕೇಳಿದರೆ ನಮಗೆ ತಿಳಿಯದೆಂಬುದು ತಿಳಿದುಹೋಗುವುದಲ್ಲ! ಹುಡುಗನು ಆ ಸಂಜೆಯೇ ಒಂದು ಕೊಂಬೆಯ ತುಂಡನ್ನು ಯಂತ್ರದ ಎರಡು ಮೊನೆಗಳ ನಡುವೆ ಬಿಗಿದು, ಪೆಟ್ಟಿಗೆಯಲ್ಲಿ ನೋಟಕ್ಕೆ ಅತ್ಯಂತ ಸುಂದರವಾಗಿದ್ದ ಓರೆಬಾಯಿಯ ಉಳಿಯನ್ನು ಎತ್ತಿಕೊಂಡನು. ಅದನ್ನು ಸ್ಕ್ಯೂ ಎನ್ನುವರು. ನುರಿತವರ ಕೈಯಲ್ಲಿ ಅದು ಗಾಜಿನಂತಹ ಮೈಯನ್ನು ಕೊಡುವುದು. ಹೊಸಬರ ಕೈಯಲ್ಲಿ ಅದರ ಮೇಲ್ಮೊನೆ ತಿರುಗುವ ಮರದೊಳಕ್ಕೆ ನಾಟಿಕೊಳ್ಳುವುದು. ಹಾಗೆಯೇ ಆಯಿತು. ಕೊಂಬೆಯು ಮೊನೆಗಳಿಂದ ಕಿತ್ತು ಹಾರಿ ಹುಡುಗನ ಕೆನ್ನೆಗೆ ಬಡಿಯಿತು. ಎರಡು ಹೊಲಿಗೆ ಬಿದ್ದುವು. ಅರ್ಧ ಅಂಗುಲ ಮೇಲೆ ಬಡಿದಿದ್ದರೆ ಏನಾಗುತ್ತಿತ್ತೆಂಬುದನ್ನು ವೈದ್ಯರು ಹೇಳಲಿಲ್ಲ; ನಾವೂ ಕೇಳಲಿಲ್ಲ.

ಮನೆಯಲ್ಲಿ ಯಾರೂ ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅದೇ ಕಷ್ಟವಾಯಿತು. ಸೊಸೆಯು ಮಾರನೆಯ ದಿನ ಯಂತ್ರದ ಮೇಲೆ ಹಳೆಯ ಜಮಖಾನವನ್ನು ಹೊದಿಸಿದಳು. ಹುಡುಗನು ಗಾಯ ಮಾಗಿದ ಮೇಲೆಯೂ ಆ ಕೊಠಡಿಯ ಕಡೆಗೆ ಸುಳಿಯಲಿಲ್ಲ. ತನ್ನ ಕೈ ಈ ಕೆಲಸಕ್ಕೆ ಬಂದುದಲ್ಲವೆಂದು ಅವನು ನಿಶ್ಚಯಿಸಿಕೊಂಡಿದ್ದನು. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಆ ಮುಖದ ಪರಿಚಯವುಂಟು. ಮೊದಲ ವಾರವೇ ತಪ್ಪಾದ ಪುಸ್ತಕವನ್ನು ಕೈಗಿತ್ತ ಹುಡುಗನ ಮುಖವದು. ದಡ್ಡನೆಂದು ಅವನು ತನ್ನನ್ನೇ ತಿಳಿದುಕೊಳ್ಳುವನು, ಪುಸ್ತಕವನ್ನು ಕೊಟ್ಟವನನ್ನಲ್ಲ.

ಎರಡು ತಿಂಗಳ ಮೇಲೆ ನಾವು ಆ ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು, ಯಾರಿಗೂ ಹೇಳದೆ, ಚನ್ನಪಟ್ಟಣಕ್ಕೆ ಹೋದೆವು. ಬೆಂಗಳೂರಿನಿಂದ ಮೈಸೂರಿನ ಹಾದಿಯಲ್ಲಿ ಸುಮಾರು 60 ಕಿಲೋಮೀಟರು. ಬಣ್ಣದ ಬೊಂಬೆಗಳ ಊರೆಂದು ಎಲ್ಲರೂ ಬಲ್ಲರಾದರೂ ಅಲ್ಲಿನ ಬೊಂಬೆಯ ಮೂಲ ಕಡಸಲೇ. ನಾವು ಕಂಡ ಕುಶಲಕರ್ಮಿಯು ಹಾಲೆಮರದ ತುಂಡೊಂದನ್ನು ಯಂತ್ರಕ್ಕೆ ಹಚ್ಚಿ ಉಳಿಯನ್ನು ಒಡ್ಡಿದನು. ಶಾವಿಗೆಯಂತೆ ಎಳೆಎಳೆಯಾಗಿ ಹೊಟ್ಟು ಬಂದಿತು. ಹಾಲೆಯು ಮೃದುವಾದ, ನಯವಾದ ಎಳೆಯ, ದಂತದ ಬಣ್ಣದ ಮರ. ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿದನು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯಿತು. ತಾಳೆಗರಿಯಿಂದ ತಿಕ್ಕಿದೊಡನೆ ಹೊಳಪೇರಿತು. ಇಷ್ಟಕ್ಕೆ ಅವನು ಕೈಗೆತ್ತಿಕೊಂಡ ಉಳಿಗಳು ಮೂರು. ಗೋಡೆಯಲ್ಲಿ ಇನ್ನೂ ಕೆಲವಿದ್ದುವು. ಅವುಗಳ ಮೇಲೆ ಧೂಳಿತ್ತು.

ನಮ್ಮ ಪೆಟ್ಟಿಗೆಯನ್ನು ತೆರೆದು ತೋರಿಸಿದೆವು. ಅವನು ಒಂದನ್ನು ತೆಗೆದು ಅದರ ಬಾಯನ್ನು ಹೆಬ್ಬೆರಳ ಉಗುರಿನ ಮೇಲೆ ಹಗುರವಾಗಿ ಇಟ್ಟನು. ಅದು ಜಾರಿತು.

"ಸ್ವಾಮಿ, ಇವಕ್ಕೆ ಇನ್ನೂ ಸಾಣೆಯೇ ಆಗಿಲ್ಲವಲ್ಲ" ಎಂದನು.

ಹೊಸ ಉಳಿಯೆಂದರೆ ಹರಿತವಾದ ಉಳಿಯೆಂದು ತಿಳಿದಿದ್ದೆವು. ಕಾರ್ಖಾನೆಯಲ್ಲಿ ಅದಕ್ಕೆ ಆಕಾರ ಬಂದಿರುವುದು, ಅಷ್ಟೆ. ಮೊಂಡಾದ ಉಳಿಯನ್ನು ಒತ್ತಿಯೇ ಹಿಡಿಯಬೇಕಾಗುವುದು. ಒತ್ತಿದ ಉಳಿಯೇ ನಾಟುವುದು. ಕಡೆಯುವವರು ಕೆಲಸದ ನಡುವೆ ಮತ್ತೆ ಮತ್ತೆ ಎದ್ದು ಸಾಣೆಗೆ ಹೋಗಿ ಬರುವರು. ಹೊಸಬರು ಒಮ್ಮೆಯೂ ಹೋಗುವುದಿಲ್ಲ. ಆದುದರಿಂದ ಕಾಗದ ಬರೆದ ಮಿತ್ರರಿಗೆ ನಾವು ಮೊದಲು ಹೇಳುವುದೆಂದರೆ, ತೆಗೆದಿರಿಸಿದ ಹಣದಲ್ಲಿ ಅರ್ಧವನ್ನು ಸಾಣೆಯಂತ್ರಕ್ಕೂ ಅದರ ಬಿಳಿಯ ಸಾಣೆಗಾಲಿಗೂ, ಉಳಿಯನ್ನು ಒಂದೇ ಕೋನದಲ್ಲಿ ಹಿಡಿದುಕೊಡುವ ಆಸರೆಗೂ ಮೀಸಲಿಡಿರಿ. ಉಳಿದ ಅರ್ಧದಲ್ಲಿ ಬಂದಷ್ಟು ಉಳಿಗಳು ಸಾಕು.

ಅವು ಯಾವುವು? ನಾವು ಪಾಠಶಾಲೆಯಲ್ಲಿ ಯಾವ ಹುಡುಗನ ಕೈಗೂ ಮೊದಲೇ ಸಿದ್ಧಾಂತಕೌಮುದಿಯನ್ನು ಕೊಟ್ಟವರಲ್ಲ. ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಮೂರನೆಯ ಒಂದು ಪಾಲಿನಷ್ಟನ್ನೇ ಆರಿಸಿ ವರದರಾಜನು ಮಕ್ಕಳಿಗಾಗಿ ಲಘುಕೌಮುದಿಯನ್ನು ಮಾಡಿದನು. ಭಟ್ಟೋಜಿ ದೀಕ್ಷಿತರ ಶಿಷ್ಯನಾಗಿದ್ದು ಗುರುವಿನ ಗ್ರಂಥವನ್ನೇ ಇಳಿಸಲು ಅಂಜಲಿಲ್ಲ. ಉಳಿಗಳ ಲಘುಕೌಮುದಿ ಇದು: ಚೌಕದ ಮರವನ್ನು ಗುಂಡಗೆ ಮಾಡಲು 20 ಮಿಲಿಮೀಟರು ಅಗಲದ, ದೋಣಿಯಂತೆ ಬಾಗಿದ ದೊಡ್ಡ ಉಳಿ, ಅಂಗಡಿಯವರು ರಫಿಂಗ್ ಗೌಜ್ ಎನ್ನುವುದು, ಉಬ್ಬು ತಗ್ಗುಗಳಿಗೆ 10 ಮಿಲಿಮೀಟರಿನ ಕಿರಿಯ ದೋಣಿಯುಳಿ, ತುಂಡರಿಸಲು 3 ಮಿಲಿಮೀಟರಿನ ತೆಳುವಾದ ಪಾರ್ಟಿಂಗ್ ಉಳಿ. ಲಟ್ಟಣಿಗೆ, ಬುಗುರಿ, ಕಡೆಗೋಲು, ಮೇಜಿನ ಕಾಲು, ಇವೆಲ್ಲ ಈ ಮೂರರಿಂದ ಆಗುವುವು. ಓರೆಯುಳಿಯನ್ನು ನಾಲ್ಕನೆಯದಾಗಿ, ಕೆಲವು ತಿಂಗಳ ಮೇಲೆ ತಂದರಾಯಿತು. ಪೆಟ್ಟಿಗೆಯ ಉಳಿದವುಗಳಲ್ಲಿ ಹೆಚ್ಚಿನವು ಹೆರೆಯುವ ಉಳಿಗಳು. ಸಂಖ್ಯೆಯನ್ನು ಎಂಟಕ್ಕೆ ಏರಿಸಲೆಂದೇ ಇರುವುವೆಂದು ನಮ್ಮ ಗುಮಾನಿ.

ಬಟ್ಟಲನ್ನು ಕಡೆಯುವ ಆಸೆ ಬಂದಾಗ ಅದಕ್ಕೆಂದೇ ಮಾಡಿದ, ಆಳವಾದ ದೋಣಿಯ ದಪ್ಪ ಉಳಿಯೊಂದನ್ನು ಬೇರೆಯಾಗಿ ಕೊಳ್ಳಬೇಕು. ಮೊದಲು ಹೇಳಿದ ದೊಡ್ಡ ಉಳಿಯನ್ನು ಬಟ್ಟಲಿಗೆ ಎಂದಿಗೂ ಒಡ್ಡಕೂಡದು. ಹಿಡಿಯೊಳಗೆ ಹೊಗುವ ಅದರ ಬಾಲವು ತೆಳುವು. ಬಟ್ಟಲಿನ ಮರದ ಎಳೆಯು ಒಂದು ಸುತ್ತಿನಲ್ಲಿ ಎರಡು ಬಾರಿ ಅಡ್ಡ ಬಂದು ಹೊಡೆಯುವಾಗ ಅಲ್ಲಿಯೇ ಮುರಿಯುವುದು. ಹಳೆಯ ಅರಗಳನ್ನು ಉಜ್ಜಿ ಉಳಿ ಮಾಡಿಕೊಳ್ಳುವ ಮಿತವ್ಯಯವೂ ಬೇಡ. ಅರವು ಗಡುಸಾದರೂ ಪೆಡಸು. ಹೊಡೆತಕ್ಕೆ ಗಾಜಿನಂತೆ ಸಿಡಿಯುವುದು.

ಉಕ್ಕಿನ ಮಾತೊಂದು ಉಳಿಯಿತು. ನಮ್ಮ ಪೆಟ್ಟಿಗೆಯ ಉಳಿಯನ್ನು ಸಾಣೆಗೆ ಹಿಡಿದಾಗ ತುದಿಯು ನೀಲಿಯಾಯಿತು. ಸಾಮಾನ್ಯ ಇಂಗಾಲದ ಉಕ್ಕು ಹಾಗೆ ನೀಲಿಗಟ್ಟಿತೆಂದರೆ ಅಲ್ಲಿನ ಗಡಸುತನ ಹೋಯಿತೆಂದೇ ಅರ್ಥ. ಅಷ್ಟನ್ನು ಸವೆಸಿ ಕಳೆಯಬೇಕು. ಹೈಸ್ಪೀಡ್ ಸ್ಟೀಲ್ ಎಂಬ ಉಕ್ಕು ಅದಕ್ಕಿಂತ ಬಹಳ ಹೆಚ್ಚಿನ ಬಿಸಿಯನ್ನು ತಾಳುವುದು; ಸಾಣೆ ಹಿಡಿಯಲು ಕಲಿಯುತ್ತಿರುವವರಿಗೆ ಅದೇ ಕ್ಷಮಾಶೀಲವಾದುದು. ಎಂಟರ ಬೆಲೆಗೆ ಇಂತಹವು ಮೂರು ಬಂದರೆ ಲಾಭವೆಂದೇ ತಿಳಿಯಬೇಕು. ಸಾಣೆಯೇ ಬೇಡದ, ಕಾರ್ಬೈಡ್ ಬಿಲ್ಲೆಯನ್ನು ತಿರುಪಿನಿಂದ ಕಚ್ಚಿಸಿದ ಉಳಿಗಳೂ ಈಗ ಇವೆ. ಸುಲಭವೇನೋ ಹೌದು, ಆದರೆ ಅವು ಬಹುಮಟ್ಟಿಗೆ ಹೆರೆಯುವುವೇ ಹೊರತು ಕೊಯ್ಯುವುದಿಲ್ಲ. ಮುದಿಗಣ್ಣಿನ ನಮ್ಮಂತಹವರಿಗೆ ಇರಲಿ. ಹದಿನೈದರ ಹುಡುಗರಿಗೆ ನಾವು ಕೊಡಲಾರೆವು.

ಮುಖವನ್ನೆಲ್ಲ ಮುಚ್ಚುವ ಪಾರದರ್ಶಕ ಮರೆಯನ್ನು ಯಂತ್ರದೊಡನೆಯೇ ಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ. ನಮಗೆ ಯಾರಾದರೂ ಹೇಳಬೇಕಾಗಿತ್ತು.

ಮೂರು ಉಳಿಗಳು ಬಂದಮೇಲೂ ಒಂದು ತಿಂಗಳು ಅವು ಹಾಗೆಯೇ ಇದ್ದುವು. ನಾವು ಹುಡುಗನನ್ನು ಕರೆಯಲಿಲ್ಲ. ದಿನವೂ ಸಂಜೆ ಜಮಖಾನವನ್ನು ತೆಗೆದು, ಮುಖಕ್ಕೆ ಮರೆಯನ್ನು ಕಟ್ಟಿಕೊಂಡು, ಮರವನ್ನು ಕೈಯಿಂದ ಒಮ್ಮೆ ತಿರುಗಿಸಿ ಎಲ್ಲಿಯೂ ತಗಲದೆಂದು ನೋಡಿ, ಉಳಿಯನ್ನು ಆಸರೆಯ ಮೇಲೆ ಊರಿ, ಅದರ ಇಳಿಜಾರಿನ ಬೆನ್ನನ್ನು ಮೊದಲು ಮರಕ್ಕೆ ಸೋಕಿಸಿ, ಹಿಡಿಯನ್ನು ಮೆಲ್ಲಗೆ ಎತ್ತುತ್ತ ಬಾಯಿ ಕಚ್ಚುವ ಗಳಿಗೆಗಾಗಿ ಕಾಯುತ್ತಿದ್ದೆವು. ನಮ್ಮ ಮೊದಲ ಲಟ್ಟಣಿಗೆಯ ಒಂದು ಕೊನೆ ದಪ್ಪ, ಒಂದು ಕೊನೆ ಸಣ್ಣ. ಅದರಿಂದ ಲಟ್ಟಿಸಿದ ಚಪಾತಿಯು ಭೂಪಟದಲ್ಲಿಯ ಆಫ್ರಿಕಾಖಂಡದಂತಾಯಿತೆಂದು ಮನೆಯಾಕೆ ಹೇಳಿದಳು. ಆ ಮಾತಿಗೆ ನಗುತ್ತಲೇ ಹುಡುಗನು ಬಾಗಿಲ ಬಳಿ ಬಂದು ನಿಂತನು.

"ತಾತ, ನಿಮ್ಮ ಉಳಿ ಮೊಂಡಾಗಿದೆ, ಸದ್ದೇ ಹೇಳುತ್ತದೆ" ಎಂದು ಅದನ್ನು ನಮ್ಮ ಕೈಯಿಂದ ತೆಗೆದುಕೊಂಡು ಸಾಣೆಯ ಕಡೆಗೆ ನಡೆದನು.

ಈಗ ಮನೆಯ ಕಡೆಗೋಲು ಅವನು ಕಡೆದುದೇ. ನೀಲಿ ಮಖಮಲ್ಲಿನ ಪೆಟ್ಟಿಗೆಯು ಅಟ್ಟದಲ್ಲಿದೆ. ಏಳು ಉಳಿಗಳು ಅದರಲ್ಲಿವೆ. ಎಂಟನೆಯದನ್ನು ಸೊಸೆಯು ಬಣ್ಣದ ಡಬ್ಬಿಗಳ ಮುಚ್ಚಳ ತೆಗೆಯಲು ಇಟ್ಟುಕೊಂಡಿದ್ದಾಳೆ.