ಪಟಕ್ಕೊಂದು ಗಾಜು

ಗಾಜಿನಲ್ಲಿಯೂ ಜಾತಿಭೇದವುಂಟೆಂಬುದು ನನಗೆ ಅರವತ್ತಾರು ದಾಟುವವರೆಗೆ ತಿಳಿದಿರಲಿಲ್ಲ. ಒಡೆದದ್ದು, ಇನ್ನೂ ಒಡೆಯದೆ ಉಳಿದದ್ದು ಎಂಬ ಎರಡೇ ಬಗೆಯೆಂದು ನಂಬಿಕೊಂಡಿದ್ದೆ. ಕಳೆದ ಆಷಾಢದ ಗಾಳಿಗೆ ನಮ್ಮ ಮೈಸೂರಿನ ಮನೆಯ ಪಡುವಣ ಕಿಟಕಿ ರಪ್ಪನೆ ಬಡಿದು, ಎದುರು ಗೋಡೆಯ ಪಟವೂ ಕೆಳಕ್ಕೆ ಬಿದ್ದು, ಎರಡರ ಗಾಜೂ ಒಂದೇ ಗಳಿಗೆಯಲ್ಲಿ ಚೂರಾದ ಮೇಲೆ ನನ್ನ ಅಜ್ಞಾನ ಹರಿಯಿತು.

ಆ ಪಟ 1985ರದು. ಈ ಮನೆಯ ಗೃಹಪ್ರವೇಶದ ದಿನ ತೆಗೆಸಿದ್ದು. ನಡುವೆ ಅಪ್ಪ, ಅಮ್ಮ. ಈಚೆಗೆ ನಾನು, ನನ್ನ ಹೆಂಡತಿ. ಬಲಗಡೆಯ ತುದಿಯಲ್ಲಿ, ಇನ್ನೊಂದು ಹೆಜ್ಜೆ ಸರಿದರೆ ಚಿತ್ರದಿಂದಲೇ ಹೊರಗೆ ಹೋಗಿಬಿಡುವಳೆಂಬಂತೆ, ಅಕ್ಕ. ಅವಳು ಎಲ್ಲಿ ನಿಂತರೂ ಹಾಗೆಯೇ; ಒಲೆಯ ಮೇಲೆ ಹಾಲಿಟ್ಟು ಬಂದವಳಂತೆ ನಿಲ್ಲುತ್ತಿದ್ದಳು. ಮುಂದೆ ನಾಲ್ಕು ವರ್ಷಕ್ಕೆ ತೀರಿಕೊಂಡಳು. ಅವಳಿರುವ ಬಣ್ಣದ ಪಟ ನಮ್ಮಲ್ಲಿ ಇದೊಂದೇ.

ಆ ಪಟದಲ್ಲಿ ಅವಳು ಉಟ್ಟ ಸೀರೆಯ ವಿಷಯವಾಗಿ ಅಮ್ಮನಿಗೂ ನನಗೂ ಬಹಳ ದಿನದ ವ್ಯಾಜ್ಯ. “ನೇರಳೆ ಹಣ್ಣಿನ ಬಣ್ಣ ಕಣೋ ಅದು. ಗೌರಿ ಹಬ್ಬಕ್ಕೆ ನಾನೇ ಕೊಡಿಸಿದ್ದೆ” ಎಂದು ಅಮ್ಮ. “ಇಲ್ಲಮ್ಮ, ಬೂದು ನೀಲಿ. ಪಟದಲ್ಲೇ ಕಾಣುತ್ತಲ್ಲ” ಎಂದು ನಾನು. ಅಮ್ಮನಿಗೆ ಈಗ ತೊಂಬತ್ತರ ಮೇಲೆ. ಕೆಲವು ಸಲ ನನ್ನನ್ನೇ ಅಪ್ಪನ ಹೆಸರಿನಿಂದ ಕರೆಯುವುದುಂಟು. ಹಾಗಾಗಿ ಸೀರೆಯ ಮಾತನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದೆ. ಅವಳು ಸುಮ್ಮನಾದಾಗಲೆಲ್ಲ ನಾನು ಗೆದ್ದೆನೆಂದು ತಿಳಿಯುತ್ತಿದ್ದೆ.

ಪಟಕ್ಕೆ ಕಟ್ಟು ಹಾಕುವ ಅಂಗಡಿಯ ಮುದುಕರು ಹಳೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಮರದ ಚೌಕಟ್ಟನ್ನು ಬಿಡಿಸಿ, ಪಟವನ್ನು ನನ್ನ ಮುಂದೆ ಹಿಡಿದರು. ಚೌಕಟ್ಟಿನ ಅಂಚು ಮುಚ್ಚಿಕೊಂಡಿದ್ದ ಕಡೆ, ಸುತ್ತಲೂ ಒಂದು ಗೋಧಿಕಾಳಿನಷ್ಟು ಅಗಲಕ್ಕೆ, ಪಟ ನಿನ್ನೆ ತೊಳೆದು ತಂದಂತಿತ್ತು. ಬಲಗಡೆಯ ಆ ಪಟ್ಟಿಯಲ್ಲಿ ಅಕ್ಕನ ಸೀರೆಯ ಸೆರಗು ಸಿಕ್ಕಿಕೊಂಡಿತ್ತು. ಹಣ್ಣಾದ ನೇರಳೆಯ ಬಣ್ಣ. ತಿಂದರೆ ನಾಲಗೆಗೆ ಹತ್ತುವಂಥದು.

ನಾನು ಇಷ್ಟು ವರ್ಷ ನೆನಪಿಟ್ಟುಕೊಂಡದ್ದು ಅಕ್ಕನನ್ನಲ್ಲ, ಬಿಸಿಲು ತಿಂದ ಕಾಗದವನ್ನು.

“ಬಿಸಿಲು ಬೀಳೋ ಗೋಡೆ ಅಲ್ವಾ ಸಾರ್?” ಎಂದರು ಮುದುಕರು. “ಮಾಮೂಲಿ ಗಾಜು ಹಾಕಿದರೆ ಮಿಕ್ಕದ್ದೂ ಹೋಗುತ್ತೆ. ಯುವಿ ಗಾಜು ಅಂತ ಬರುತ್ತೆ. ರೇಟು ಮಾತ್ರ ನಾಲ್ಕು ಪಟ್ಟು.” ಅವರ ವ್ಯಾಪಾರದ ಮಾತೆಂದು ಮೊದಲು ಅನುಮಾನಿಸಿದೆ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದಾಗ, ಅವರು ಹೇಳಿದ್ದು ಸುಳ್ಳಲ್ಲವೆಂದಾಯಿತು.

1801ರಲ್ಲಿ ಜರ್ಮನಿಯ ರಿಟರ್ ಎಂಬಾತ ಬಿಸಿಲನ್ನು ಪಟ್ಟಕದಿಂದ ಏಳು ಬಣ್ಣವಾಗಿ ಒಡೆದು, ಬೆಳ್ಳಿಯ ಲವಣವನ್ನು ಒಂದೊಂದು ಬಣ್ಣದಲ್ಲಿಯೂ ಇಟ್ಟು ನೋಡಿದ. ಕಣ್ಣಿಗೆ ಏನೂ ಕಾಣದ ಕಡೆ, ನೇರಳೆಯ ಆಚೆಗೆ, ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಅದೇ ನೇರಳಾತೀತ ಕಿರಣ. ಇದರಲ್ಲಿ ಗಿಡ್ಡ ಅಲೆಯದನ್ನು ಸಾಮಾನ್ಯ ಗಾಜು ಬಹುಮಟ್ಟಿಗೆ ತಡೆಯುತ್ತದೆ. 315ರಿಂದ 400 ನ್ಯಾನೋಮೀಟರಿನವರೆಗಿನ ಉದ್ದ ಅಲೆಯದನ್ನು ಬಹುಪಾಲು ಒಳಕ್ಕೆ ಬಿಡುತ್ತದೆ. ನಮ್ಮ ಪಟಕ್ಕೆ ಕಿಟಕಿಯದೊಂದು, ಕಟ್ಟಿನದೊಂದು, ಹೀಗೆ ಎರಡು ಗಾಜಿನ ಕಾವಲಿತ್ತು. ಇಬ್ಬರೂ ಕಾವಲುಗಾರರು ಕಳ್ಳನ ಕಡೆಯವರೇ. ಪಕ್ಕದಲ್ಲಿದ್ದ ತಾತನ ಕಪ್ಪು-ಬಿಳುಪು ಪಟ ಅಷ್ಟಾಗಿ ಮಾಸಿಲ್ಲ. ಅದರಲ್ಲಿರುವುದು ಬೆಳ್ಳಿಯ ಕಣ; ಬಣ್ಣದ ಪಟದಲ್ಲಿರುವುದು ಬೆಳಕಿಗೆ ಕರಗುವ ಬಣ್ಣದ ರಸಾಯನ.

ಬೆಂಗಳೂರಿನಿಂದ ಮಗಳು ಫೋನಿನಲ್ಲಿ ಇನ್ನೊಂದು ಸಲಹೆ ಕೊಟ್ಟಳು: ಕಿಟಕಿಗೇ ಲ್ಯಾಮಿನೇಟೆಡ್ ಗಾಜು ಹಾಕಿಸಿ, ಕೋಣೆಯಲ್ಲಿರುವುದೆಲ್ಲ ಉಳಿಯುತ್ತದೆ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ಕಿನ ಹಾಳೆ ಕೂರಿಸಿದ್ದು, ಕಾರಿನ ಮುಂಗಾಜಿನ ಹಾಗೆ. ಆ ಹಾಳೆ ಈ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನುಂಗಿಕೊಳ್ಳುತ್ತದೆ. ಮಾತು ಸರಿಯೇ. ಆದರೆ ನಮ್ಮ ಕಿಟಕಿಯ ಹಳೆಯ ಬಾಗಿಲಿಗೆ ಅಷ್ಟು ದಪ್ಪದ ಗಾಜು ಕೂರದೆಂದು ಬಡಗಿ ಹೇಳಿದ. ಅದಕ್ಕಿಂತ ಮುಖ್ಯವಾಗಿ, ಅಮ್ಮ ಆ ಕಿಟಕಿಯನ್ನು ಮುಚ್ಚಲು ಬಿಡುವವಳಲ್ಲ. ತೆರೆದ ಕಿಟಕಿಗೆ ಎಂಥ ಗಾಜಾದರೇನು! ಅಲ್ಲಿ ಮಾಮೂಲಿ ಗಾಜನ್ನೇ ಹಾಕಿಸಿದೆ. ಹಿಂದೆ ಚಳಿಗಾಲದಲ್ಲಿ, ಡಾಕ್ಟರು ಹೇಳಿದರೆಂದು ಅವಳನ್ನು ಅದೇ ಮುಚ್ಚಿದ ಗಾಜಿನ ಹಿಂದೆ ಬಿಸಿಲಿಗೆ ಕೂರಿಸುತ್ತಿದ್ದೆವು. ಡಿ ಜೀವಸತ್ವಕ್ಕೆ ಬೇಕಾದ ಗಿಡ್ಡ ಅಲೆ ಗಾಜನ್ನು ದಾಟುವುದೇ ಇಲ್ಲವೆಂದು ಈಗ ಗೊತ್ತಾಯಿತು. ಈಗ ಹೊತ್ತೇರಿದ ಮೇಲೆ ಜಗುಲಿಗೆ ಕರೆತರುತ್ತೇವೆ.

ಪಟವನ್ನು ಬೇರೆ ಗೋಡೆಗೆ ಹಾಕುವುದೇ ಎಲ್ಲಕ್ಕಿಂತ ಅಗ್ಗದ ಉಪಾಯವಾಗಿತ್ತು. ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ತಿನ್ನುತ್ತದೆ. ಯಾವ ಗಾಜೂ ಅದನ್ನು ತಡೆಯಲಾರದು, ತಡೆದರೆ ಪಟವೇ ಕಾಣದು. ವಸ್ತುಸಂಗ್ರಹಾಲಯಗಳವರು ಇಂಥವನ್ನು 50 ಲಕ್ಸಿನ ಮಬ್ಬಿನಲ್ಲಿಡುವುದು ಅದಕ್ಕೇ. ಆದರೆ ಮಂಚದ ಮೇಲೆ ಮಲಗಿದ ಅಮ್ಮನಿಗೆ ಕಾಣುವುದು ಅದೊಂದೇ ಗೋಡೆ. ಮಗಳು ಪ್ರತಿ ಮಾಡಿಸಿ, ಕಂಪ್ಯೂಟರಿನಲ್ಲಿ ಬಣ್ಣ ತುಂಬಿಸಿ ಕಳಿಸಿದ್ದಳು. ಅಮ್ಮ ಅದನ್ನು ಒಂದು ಗಳಿಗೆ ನೋಡಿ, “ಚೆನ್ನಾಗಿದೆ, ಯಾರದು?” ಎಂದಳು.

ಮುದುಕರು ಕೇಳಿದ್ದ ಒಂದು ಮಾತು ಬಾಕಿಯಿತ್ತು. ಹೊಸ ಚೌಕಟ್ಟು ಹಳೆಯದರಂತೆಯೇ ಅಂಚನ್ನು ಮುಚ್ಚಬೇಕೆ, ಅಥವಾ ಪಟವನ್ನು ದೊಡ್ಡ ರಟ್ಟಿನ ಮೇಲೆ ಕೂರಿಸಿ, ಗಾಜಿಗೆ ಅಂಟದಂತೆ ಸಂದು ಬಿಟ್ಟು, ತುದಿಯವರೆಗೂ ಕಾಣುವಂತೆ ಮಾಡಬೇಕೆ? ಮುಚ್ಚಿದರೆ ನೇರಳೆ ಉಳಿಯುತ್ತದೆ, ಕಾಣುವುದಿಲ್ಲ. ತೆರೆದರೆ, ಗಾಜು ಎಷ್ಟೇ ಒಳ್ಳೆಯದಾದರೂ, ನಿಧಾನವಾಗಿ ಅದೂ ಬೂದಿಯ ಕಡೆಗೇ. ನನಗೆ ಮುಚ್ಚುವುದೇ ವಿವೇಕವಾಗಿ ಕಂಡಿತು.

ಪಟವನ್ನು ಅಮ್ಮನ ತೊಡೆಯ ಮೇಲಿಟ್ಟು ಎಲ್ಲವನ್ನೂ ವಿವರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಆ ಅಂಚನ್ನು ಬಹಳ ಹೊತ್ತು ನೋಡಿದಳು. “ಹೇಳಿರಲಿಲ್ವೇನೋ ನಾನು?” ಎಂದಳು. ನಾನು ಹೂಂಗುಟ್ಟಿದೆ. “ಮುಚ್ಚಿಟ್ಟರೆ ನೋಡೋರು ಯಾರು? ಕಾಣೋ ಹಾಗೇ ಹಾಕಿಸು.”

ಹಾಗೆಯೇ ಹಾಕಿಸಿದೆ; ನಾಲ್ಕು ಪಟ್ಟು ಬೆಲೆಯ ಗಾಜಿನಲ್ಲಿ. ಈಗ ಮಧ್ಯಾಹ್ನ ಮೂರು ಗಂಟೆಗೆ ನಿದ್ದೆಯಿಂದೆದ್ದು ಕಿಟಕಿಯ ಪರದೆ ಎಳೆಯುವ ಕೆಲಸ ನನ್ನದು. “ಕತ್ತಲೆ ಮಾಡಿಬಿಟ್ಟೆಯಲ್ಲೋ” ಎಂದು ಅಮ್ಮ ದಿನವೂ ಗೊಣಗುತ್ತಾಳೆ. ದಿನವೂ ಚೌಕಾಸಿ ನಡೆದು, ಅರ್ಧ ಪರದೆಗೆ ಒಪ್ಪಂದವಾಗುತ್ತದೆ.