ಅವಳನ್ನು ಯಾರು ಕೇಳಿದರು?

ನಾವು ಪಿಂಜಾರರು. ಹತ್ತಿ ಹಿಂಜಿ ಊರವರಿಗೆ ಗಾದಿ ಮಾಡಿಕೊಟ್ಟು, ತಾವು ಹರಕು ಕೌದಿಯ ಮೇಲೆ ಮಲಗಿದವರ ಮಕ್ಕಳು. ನಮ್ಮ ಅಪ್ಪ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಬಾಗಲಕೋಟೆಯ ಸುತ್ತಿನ ಹಳ್ಳಿಗಳನ್ನು ತಿರುಗಿದವನು. ಓಣಿಯಲ್ಲಿ ಮೊದಲು ಡಿಗ್ರಿ ಮುಗಿಸಿದವರು ನಾವು. ಇಲ್ಲಿ 'ನಾವು' ಎಂದು ಬರೆಯುವುದು ದೊಡ್ಡಸ್ತಿಕೆಗಲ್ಲ. ಓಣಿಯವರ ಕೈಗಡ, ಅವ್ವನ ಕಿವಿಯ ಓಲೆ, ತಂಗಿಯ ಅರ್ಧಕ್ಕೆ ನಿಂತ ಓದು, ಇವೆಲ್ಲ ಸೇರಿ ಒಬ್ಬನನ್ನು ವಿಮಾನ ಹತ್ತಿಸಿದ ಮೇಲೆ ಅವನಿಗೆ 'ನಾನು' ಎನ್ನಲು ನಾಲಗೆ ಏಳುವುದಿಲ್ಲ.

2022ರ ಸೆಪ್ಟೆಂಬರಿನಲ್ಲಿ ಓದಲೆಂದು ಇಂಗ್ಲೆಂಡಿನ ಬ್ರಾಡ್‌ಫರ್ಡಿಗೆ ಹೋದೆವು. ಅದು ಉಣ್ಣೆಯ ಊರು. ನಮ್ಮಪ್ಪ ಹತ್ತಿಯನ್ನು ಬಿಲ್ಲಿನಿಂದ ಹಿಂಜುತ್ತಿದ್ದ ಹಾಗೆ ಅಲ್ಲಿನ ಗಿರಣಿಗಳು ಜಗತ್ತಿನ ಉಣ್ಣೆಯನ್ನು ಬಾಚುತ್ತಿದ್ದವು. ಈಗ ಗಿರಣಿಗಳ ಚಿಮಣಿಗಳಿವೆ, ಹೊಗೆ ಇಲ್ಲ. ನಮಗೆ ಬಾಡಿಗೆಗೆ ಕೋಣೆ ಕೊಟ್ಟವರು ಮೀರ್‌ಪುರದ ಕಡೆಯ ಒಬ್ಬ ಟ್ಯಾಕ್ಸಿ ಡ್ರೈವರ್. ಅವರನ್ನು ಚಾಚಾ ಎನ್ನುತ್ತಿದ್ದೆವು.

ಚಾಚಾ ಮೊದಲ ದಿನವೇ ಕೇಳಿದರು: "ನಿಮ್ಮ ಊರು ಯಾವುದು ಬೇಟಾ?"

"ನಮ್ಮ ಹಳೇ ಊರು ನೀರಾಗ ಐತಿ ಚಾಚಾ. ಆಲಮಟ್ಟಿ ಡ್ಯಾಮಿನ ಹಿನ್ನೀರಾಗ."

ಅವರು ಚಹಾದ ಕಪ್ಪು ಕೆಳಗಿಟ್ಟರು. ಅವರ ಊರೂ ನೀರಿನಲ್ಲೇ ಇತ್ತು. 1960ರ ದಶಕದಲ್ಲಿ ಪಾಕಿಸ್ತಾನ ಸರ್ಕಾರ ಮಂಗಲಾ ಎಂಬಲ್ಲಿ ಅಣೆಕಟ್ಟು ಕಟ್ಟಿತು. ಹಳೆಯ ಮೀರ್‌ಪುರ ಮುಳುಗಿತು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಮನೆ ಮಾರು ಬಿಟ್ಟು ಎದ್ದರು. ಅವರಲ್ಲಿ ಅನೇಕರು ಇಂಗ್ಲೆಂಡಿನ ಗಿರಣಿಗಳಿಗೆ ಬಂದು, ಬಿಳಿಯರು ಒಲ್ಲೆನೆಂದ ರಾತ್ರಿ ಪಾಳಿಗೆ ನಿಂತರು. ಚಾಚಾನ ತಂದೆಯೂ ಹಾಗೆ ಬಂದವರು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಗಿರಣಿ ಕೂಲಿಯ ಮಗ ಟ್ಯಾಕ್ಸಿ ಹಿಡಿದ. ಮುಳುಗಡೆ ಮಂದಿಗೆ ಮುಳುಗಡೆ ಮಂದಿ ಬೇಗ ಗುರುತು ಸಿಗುತ್ತಾರೆ. ಅಂದಿನಿಂದ ನಮ್ಮ ಊಟ ಅವರ ಮನೆಯಲ್ಲೇ ಆಯಿತು.

ಆ ಮನೆಯಲ್ಲಿ ಇಬ್ಬರು ಮಕ್ಕಳು. ಹದಿನಾರರ ಮಗಳು, ಹದಿನಾಲ್ಕರ ಮಗ. ಬಾಡಿಗೆ ಕಡಿಮೆ ಮಾಡುತ್ತೇನೆ, ಇಬ್ಬರಿಗೂ ಗಣಿತ ಹೇಳಿಕೊಡು ಎಂದರು ಚಾಚಾ. ಆಮೇಲೆ ಧ್ವನಿ ತಗ್ಗಿಸಿ, "ಸ್ವಲ್ಪ ದೀನ್ ಕೂಡ ಹೇಳಿಕೊಡು ಬೇಟಾ. ನಮ್ಮ ಮಾತು ಕೇಳುವುದಿಲ್ಲ. ಓದಿದ ಹುಡುಗ, ನಿನ್ನ ಮಾತು ಕೇಳಿಯಾರು" ಎಂದರು.

ಗೆಳೆಯರೇ, ನಮಗೆ ನಗು ಬಂತು. ಊರಲ್ಲಿ ನಮಗೆ ದೀನ್ ಹೇಳಲು ಪೇಟೆಯಿಂದ ಮೌಲ್ವಿಗಳು ಬರುತ್ತಿದ್ದರು. ಪಿಂಜಾರರದು ಅರ್ಧ ನಮಾಜು, ಅರ್ಧ ಮೊಹರಂ, ಇವರ ಮನೆಯಲ್ಲಿ ಉರ್ದುವೂ ಇಲ್ಲ ಎಂದು ಮೂಗು ಮುರಿಯುತ್ತಿದ್ದರು. ನಮ್ಮಜ್ಜ ಅಲಾವಿ ಕುಣಿದವನು, ಶಿಶುನಾಳ ಶರೀಫರ ಪದ ಹಾಡಿದವನು. ಸೈಯದರ ಮನೆಯ ಮದುವೆಗೆ ಗಾದಿ ಹೊಲಿದುಕೊಟ್ಟು ಅಂಗಳದಲ್ಲೇ ಉಂಡು ಬಂದವನು. ಅಲ್ಲಾನ ಮುಂದೆ ಎಲ್ಲರೂ ಒಂದೇ ಸಾಲು, ನೆಂಟಸ್ತಿಕೆಯ ಮುಂದೆ ಬೇರೆ ಬೇರೆ ಸಾಲು. ಅಂಥವರ ಮೊಮ್ಮಗ ಬ್ರಾಡ್‌ಫರ್ಡಿನಲ್ಲಿ ಮಾರ್ಗದರ್ಶಕ! ಆದರೂ ಒಪ್ಪಿದೆವು. ಬಾಡಿಗೆ ಉಳಿಯುತ್ತದಲ್ಲ.

ಮೊದಲು ಹುಡುಗನ ಮಾತು. ಬೆಳಗ್ಗೆ ಶಾಲೆ, ಸಂಜೆ ಎರಡು ತಾಸು ಮಸೀದಿ, ಹೀಗೆ ಅವನು ಬೆಳೆದಿದ್ದ. ಅರಬ್ಬಿ ಬಾಯಿಪಾಠ, ಅರ್ಥ ಗೊತ್ತಿಲ್ಲ. ಹಜರತ್ತರು ವಿವರಿಸುವುದು ಉರ್ದುವಿನಲ್ಲಿ, ಹುಡುಗನಿಗೆ ಸಲೀಸಾಗಿ ಬರುವುದು ಇಂಗ್ಲಿಷು. ಯಾಕೆ ಎಂದು ಕೇಳಿದರೆ ಬೇಅದಬಿ ಎಂದು ಕಣ್ಣು ಕೆಂಪು. ಶಾಲೆಯಲ್ಲಾದರೂ ಕೇಳಬಹುದಿತ್ತು. ಆದರೆ 2005ರ ಜುಲೈ 7ರಂದು ಲಂಡನ್ನಿನಲ್ಲಿ ಬಾಂಬು ಸಿಡಿಸಿ 52 ಮಂದಿಯನ್ನು ಕೊಂದ ನಾಲ್ವರಲ್ಲಿ ಮೂವರು ಪಕ್ಕದ ಲೀಡ್ಸ್ ಕಡೆಯ ಹುಡುಗರು. ಆ ಕೊಲೆಯ ನೆರಳು ಅಂದಿನಿಂದ ಆ ಸೀಮೆಯ ಪ್ರತಿ ಮುಸಲ್ಮಾನ ಮಗುವಿನ ಮೇಲೆ ಬಿದ್ದಿದೆ. 2015ರ ಜುಲೈಯಿಂದ ಉಗ್ರವಾದದ ಕಡೆ ವಾಲುವ ಮಕ್ಕಳನ್ನು ಗುರುತಿಸುವುದು ಅಲ್ಲಿನ ಶಿಕ್ಷಕರಿಗೆ ಕಾನೂನಿನ ಕರ್ತವ್ಯವಾಯಿತು. ಅದಕ್ಕೆ 'ಪ್ರಿವೆಂಟ್' ಎಂದು ಹೆಸರು. ಚಾಚಾ ಮಗನಿಗೆ ಹೇಳಿಕೊಟ್ಟಿದ್ದು ಒಂದೇ: "ಶಾಲೆಯಲ್ಲಿ ಧರ್ಮದ ಮಾತೆತ್ತಬೇಡ. ಪ್ಯಾಲೆಸ್ತೀನ್ ಅನ್ನಬೇಡ. ಬಾಯಿ ಮುಚ್ಚಿಕೊಂಡು ಓದು."

ಮಸೀದಿಯಲ್ಲಿ ಬಾಯಿ ಮುಚ್ಚು, ಶಾಲೆಯಲ್ಲೂ ಬಾಯಿ ಮುಚ್ಚು. ಹದಿನಾಲ್ಕರ ಹುಡುಗ ಬಾಯಿ ಎಲ್ಲಿ ತೆರೆಯಬೇಕು? ಅವನು ಮೊಬೈಲು ತೆರೆದ. ಅದರೊಳಗೊಬ್ಬ ಮೌಲಾನಾ. ಒಳ್ಳೆಯ ಇಂಗ್ಲಿಷು, ಒಳ್ಳೆಯ ಗಡ್ಡ, ಎಲ್ಲದಕ್ಕೂ ಎರಡು ನಿಮಿಷದ ಉತ್ತರ. ದರ್ಗಾಕ್ಕೆ ಹೋಗುವ ಅಜ್ಜ ನರಕಕ್ಕೆ, ಹಾಡು ಕೇಳುವ ಅಕ್ಕ ನರಕಕ್ಕೆ, ಅಲಾವಿಯ ಮಾತು ಹೇಳಿದ ನಾವು ಎಲ್ಲರಿಗಿಂತ ಮುಂದೆ! ದೊಡ್ಡವರು ಪ್ರಶ್ನೆಗೆ ಬಾಗಿಲು ಹಾಕಿದ್ದರು. ಆ ಮೌಲಾನಾ ಕಿಟಕಿಯಿಂದ ಒಳಗೆ ಬಂದಿದ್ದ.

ಇನ್ನು ಹುಡುಗಿಯ ಮಾತು. 2023ರ ಮಾರ್ಚ್ ತಿಂಗಳು, ರಂಜಾನಿಗೆ ಒಂದು ವಾರ ಇತ್ತು. ಚಾಚಾ ಟ್ಯಾಕ್ಸಿಯಲ್ಲಿ ಹೋಗುವಾಗ ಬಸ್‌ಸ್ಟಾಂಡಿನಲ್ಲಿ ಮಗಳನ್ನು ಕಂಡರು. ತಲೆಯ ಮೇಲೆ ಬಟ್ಟೆ ಇರಲಿಲ್ಲ. ಮನೆಯಿಂದ ಹೋಗುವಾಗ ಇತ್ತು, ಮನೆಗೆ ಬಂದಾಗಲೂ ಇತ್ತು. ನಡುವೆ ಇರಲಿಲ್ಲ. ಚಾಚಿ ಅತ್ತಳು. ಚಾಚಾ ಅನ್ನ ಬಿಟ್ಟರು. ರಾತ್ರಿ ನಮ್ಮ ಕೋಣೆಗೆ ಬಂದು, "ನೀನೇ ಹೇಳು ಬೇಟಾ. ನಾನು ಹೇಳಲು ಹೋದರೆ ಕೈ ಎತ್ತೇನು" ಎಂದರು.

ನಾವು ಕವಿಗಳು, ಮಾತಿಗೇನು ಬರ! ಮರುದಿನ ಗಣಿತದ ಪುಸ್ತಕ ಬದಿಗಿಟ್ಟು ಭಾಷಣ ಸುರು ಮಾಡಿದೆವು. 2022ರ ಫೆಬ್ರವರಿ 5ರ ಕರ್ನಾಟಕ ಸರ್ಕಾರದ ಸಮವಸ್ತ್ರದ ಆದೇಶ ಹೇಳಿದೆವು. ಕಾಲೇಜಿನ ಗೇಟುಗಳ ಮುಂದೆ ನಿಂತ ಹುಡುಗಿಯರನ್ನು ಹೇಳಿದೆವು. ಮಾರ್ಚ್ 15ರ ಹೈಕೋರ್ಟಿನ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದದ್ದು, ಎಲ್ಲ ಹೇಳಿದೆವು. ಕೊನೆಗೆ ನಮ್ಮ ತಂಗಿಯ ಮಾತು ತೆಗೆದೆವು. "ಆ ಬಟ್ಟೆಗಾಗಿ ನನ್ನ ತಂಗಿ ಪಿಯುಸಿ ಪರೀಕ್ಷೆಯನ್ನೇ ಬಿಟ್ಟಳು. ಅದನ್ನು ನೀನು ಬಸ್‌ಸ್ಟಾಂಡಿನಲ್ಲಿ ಮಡಚಿ ಚೀಲಕ್ಕೆ ಹಾಕುತ್ತೀ" ಎಂದೆವು.

ಹುಡುಗಿ ಸಿಟ್ಟಾಗಲಿಲ್ಲ. ತನ್ನ ನೋಟುಬುಕ್ಕಿನ ಹಿಂದಿನ ಹಾಳೆ ತೋರಿಸಿದಳು. ಮಾರ್ಚ್ 15 ಎಂದು ಅಲ್ಲಿ ಆಗಲೇ ಬರೆದಿತ್ತು. 2004ರ ಮಾರ್ಚ್ 15, ಫ್ರಾನ್ಸಿನ ಸರ್ಕಾರಿ ಶಾಲೆಗಳಲ್ಲಿ ತಲೆಬಟ್ಟೆ ನಿಷೇಧಿಸಿದ ಕಾನೂನು. 2019ರ ಮಾರ್ಚ್ 15, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ಶುಕ್ರವಾರದ ನಮಾಜಿಗೆ ಸೇರಿದ್ದ 51 ಮಂದಿಯ ಕೊಲೆ. 2022ರ ಮಾರ್ಚ್ 15, ನಮ್ಮ ಬೆಂಗಳೂರು. ಮೂರೂ ಒಂದೇ ತೂಕದವಲ್ಲ, ಒಂದೇ ತಕ್ಕಡಿಗೆ ಹಾಕಬಾರದು ಎಂದು ಅವಳಿಗೂ ಗೊತ್ತಿತ್ತು. ಆದರೂ ಬರೆದಿಟ್ಟುಕೊಂಡಿದ್ದಳು. ನಾವು ಅವಳಿಗೆ ಏನೂ ಗೊತ್ತಿಲ್ಲವೆಂದು ತಿಳಿದಿದ್ದೆವು.

ಆಮೇಲೆ ಕೇಳಿದಳು: "ಭಾಯಿ, ನಿಮ್ಮ ತಂಗಿ ಆ ಬಟ್ಟೆಗಾಗಿಯೇ ಪರೀಕ್ಷೆ ಬಿಟ್ಟೆ ಅಂತ ಹೇಳಿದಳೇ? ನೀವು ಅವಳನ್ನ ಕೇಳಿದ್ರಾ?"

ನಾವು ಕೇಳಿರಲಿಲ್ಲ.

ಆಗ ನಾವು ಧಾರವಾಡದಲ್ಲಿದ್ದೆವು. ಫೋನಿನಲ್ಲಿ ತಂಗಿಗೆ, "ತಗದಿಟ್ಟು ಕುಂಡ್ರು, ಪರೀಕ್ಷಾ ಮುಖ್ಯ" ಎಂದಿದ್ದೆವು. ಪ್ರಗತಿಪರರಲ್ಲವೇ! ಅಪ್ಪ, "ಹೋಗೂದ ಬ್ಯಾಡ, ಮನ್ಯಾಗಿರು" ಎಂದಿದ್ದ. ಸರ್ಕಾರ ಒಂದು ಹೇಳಿತು, ಜಮಾತಿನವರು ಒಂದು ಹೇಳಿದರು, ಗೇಟಿನ ಮುಂದೆ ಕೇಸರಿ ಶಾಲು ಹಾಕಿಕೊಂಡು ಕೂಗಿದ ಹುಡುಗರು ಒಂದು ಹೇಳಿದರು. ಎಲ್ಲರೂ ಮಾತಾಡಿದ್ದು ಅವಳ ತಲೆಯ ಬಗ್ಗೆಯೇ. ತಲೆಯೊಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ. ಒಂದು ವರ್ಷದ ಮೇಲೆ ಅದೇ ತಂಗಿಯ ನೋವನ್ನು ಬಾರುಕೋಲು ಮಾಡಿಕೊಂಡು ಇನ್ನೊಬ್ಬಳ ಮೇಲೆ ಬೀಸಿದ್ದೆವು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಊರಲ್ಲಿ ಬೆಳಗಾಗುವುದನ್ನೇ ಕಾಯ್ದು ಫೋನು ಮಾಡಿದೆವು. ಕೇಳಿದೆವು. ತಂಗಿ ಬಹಳ ಹೊತ್ತು ಸುಮ್ಮನಿದ್ದಳು.

"ಈಗ ಕೇಳ್ತಿಯೇನಣ್ಣ? ನಾ ಪರೀಕ್ಷಾ ಬರೀಬೇಕಂತಿದ್ದೆ. ವರ್ಗದಾಗ ಹುಡುಗ್ಯಾರಷ್ಟ ಇದ್ದಾಗ ನಾನ ಎಷ್ಟೋ ಸಲ ತಗದೀನಿ, ಸೆಕಿ ಅಂತ. ಆದರ ಆವತ್ತ ಗೇಟಿನ ಮುಂದ ಅಷ್ಟು ಮಂದಿ ನಿಂತು, ಮೊಬೈಲ್ ಹಿಡದು, ತಗಿ ತಗಿ ಅಂದಾಗ ನನಗ ಸೀರಿ ಸೆಳದಂಗ ಆತು. ಅದು ನಮಾಜಿನ ಮಾತಲ್ಲ ಅಣ್ಣ, ಮಾನದ ಮಾತು. ಅದಕ್ಕ ತಿರುಗಿ ಬಂದೆ. ಮನ್ಯಾಗ ಅಪ್ಪ ಶಭಾಷ್ ಅಂದ. ಅವನಿಗೂ ತಿಳೀಲಿಲ್ಲ. ನೀನೂ ಓದಾಂವ, ನಿನಗೂ ತಿಳೀಲಿಲ್ಲ."

ಮರುದಿನ ರಾತ್ರಿ ಊಟದ ಮೇಲೆ ಚಾಚಾ, ಚಾಚಿ, ಇಬ್ಬರು ಮಕ್ಕಳ ಮುಂದೆ ತಂಗಿಯ ಮಾತನ್ನು ಒಂದೂ ಬಿಡದೆ ಹೇಳಿದೆವು. ನಮ್ಮ ತಪ್ಪನ್ನೂ ಹೇಳಿದೆವು. ಹುಡುಗಿ ಮೆಲ್ಲಗೆ ಅಂದಳು: "ನಾನು ಅಲ್ಲಾನನ್ನ ಬಿಟ್ಟಿಲ್ಲ ಅಬ್ಬಾ. ಬಸ್ಸಿನಲ್ಲಿ ಒಬ್ಬ ನನ್ನ ತಲೆಬಟ್ಟೆ ಹಿಡಿದು ಎಳೆದ. ಎರಡು ತಿಂಗಳಾಯ್ತು. ನಿಮಗೆ ಹೇಳಿದರೆ ಶಾಲೆ ಬಿಡಿಸ್ತೀರಿ ಅಂತ ಹೇಳಲಿಲ್ಲ."

ಮನೆಯೊಳಗೆ ಗಡಿಯಾರದ ಸದ್ದು ಮಾತ್ರ ಕೇಳುತ್ತಿತ್ತು. ನೋಡಿ, ತಲೆಯ ಮೇಲೆ ಬಟ್ಟೆ ಇಟ್ಟುಕೊಂಡೇ ಅವಮಾನದಿಂದ ತಿರುಗಿ ಬಂದವಳು ನಮ್ಮ ತಂಗಿ, ಅವಮಾನ ಬೇಡವೆಂದು ತೆಗೆದಿಟ್ಟವಳು ಈ ಹುಡುಗಿ. ಎರಡೂ ಕಡೆ ದೊಡ್ಡವರು ಬಟ್ಟೆ ನೋಡಿದರು, ಗಾಯ ನೋಡಲಿಲ್ಲ.

ಆಗ ಚಾಚಾ, ಮಕ್ಕಳಿಗೆ ಎಂದೂ ಹೇಳಿರದ ಒಂದು ಮಾತು ತೆಗೆದರು. 1981ರಲ್ಲಿ ಅವರಿಗೆ ಹದಿನೈದು ವರ್ಷ. ತಲೆ ಬೋಳಿಸಿದ ಬಿಳಿ ಪುಂಡರು ಏಷ್ಯದವರ ಓಣಿಗಳಿಗೆ ನುಗ್ಗುತ್ತಾರೆಂಬ ಸುದ್ದಿ ಹಬ್ಬಿದ ಬೇಸಿಗೆ. ಓಣಿ ಕಾಯಲು ಪೆಟ್ರೋಲ್ ಬಾಂಬು ಮಾಡಿಟ್ಟರೆಂದು ಹನ್ನೆರಡು ಯುವಕರನ್ನು ಪೊಲೀಸರು ಹಿಡಿದರು. ಮುಸಲ್ಮಾನರ, ಸಿಖ್ಖರ, ಹಿಂದೂಗಳ ಮನೆಯ ಹುಡುಗರು. ತಮ್ಮನ್ನು 'ಕಪ್ಪು ಜನ' ಎಂದು ಒಂದೇ ಹೆಸರಿನಿಂದ ಕರೆದುಕೊಂಡವರು. ಬ್ರಾಡ್‌ಫರ್ಡ್ ಹನ್ನೆರಡು ಮಂದಿ ಎಂದೇ ಅವರು ಹೆಸರಾದರು. ಆತ್ಮರಕ್ಷಣೆ ಅಪರಾಧವಲ್ಲ ಎಂದು ಬೀದಿಯಲ್ಲಿ ಜನ ಕೂಗಿದರು. 1982ರಲ್ಲಿ ಲೀಡ್ಸಿನ ಕೋರ್ಟಿನ ಜ್ಯೂರಿ ಅವರನ್ನು ಬಿಡುಗಡೆ ಮಾಡಿತು. ಹಾಗೆ ಕೂಗಿದವರಲ್ಲಿ ಚಾಚಾನೂ ಒಬ್ಬ. "ಮನೆಗೆ ಬಂದಾಗ ನಮ್ಮ ಅಬ್ಬಾ ಕೆನ್ನೆಗೆ ಬಾರಿಸಿದ. ನಾವು ಬಂದಿರುವುದು ರೊಟ್ಟಿಗೆ, ಜಗಳಕ್ಕಲ್ಲ ಎಂದ. ಅವತ್ತು ಮುಚ್ಚಿದ ಬಾಯಿ ನನ್ನದು. ಅದೇ ಬೀಗ ನಿಮಗೂ ಹಾಕಿದೆ" ಎಂದರು.

ನಮ್ಮ ನಾಡಿನಲ್ಲಿ 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಕಾಲಕ್ಕೇ ಆ ಊರಿನ ಗಿರಣಿ ಕೂಲಿಗಳ ಮಕ್ಕಳೂ ಎದ್ದು ನಿಂತಿದ್ದರೆಂದು ಕೇಳಿ ನಮ್ಮ ಮೈ ಜುಮ್ಮೆಂದಿತು. ಹುಡುಗ ಕೈಯಲ್ಲಿದ್ದ ಮೊಬೈಲು ಮೇಜಿನ ಮೇಲಿಟ್ಟು ಅಪ್ಪನನ್ನೇ ನೋಡುತ್ತಿದ್ದ. ಎರಡು ನಿಮಿಷದ ಮೌಲಾನಾನ ಹತ್ತಿರ ಇಂಥ ಕಥೆ ಇರಲಿಲ್ಲ.

ಅಂದಿನಿಂದ ಶುಕ್ರವಾರ ರಾತ್ರಿ ಆ ಮನೆಯಲ್ಲಿ ಒಂದು ಕೂಟ ಸುರುವಾಯಿತು. ನಿಯಮ ಒಂದೇ, ಯಾವ ಪ್ರಶ್ನೆಗೂ ಬೈಗುಳ ಇಲ್ಲ. ಹುಡುಗ ಕೇಳಿದ: "ಡ್ಯಾಮಿನ ನೀರಿಳಿದಾಗ ನಮ್ಮ ಹಳೇ ಊರಿನ ದರ್ಗಾದ ಗೋಡೆ ಕಾಣುತ್ತದಂತೆ. ದರ್ಗಾ ಮುಳುಗುವಾಗ ಅಲ್ಲಾ ಯಾಕೆ ಸುಮ್ಮನಿದ್ದ?" ಮಸೀದಿಯಲ್ಲಿ ಕೇಳಿದ್ದರೆ ಕಿವಿ ಹಿಂಡುತ್ತಿದ್ದರು. ಚಾಚಾ ಯೋಚಿಸಿ ಹೇಳಿದರು: "ಅಲ್ಲಾ ಡ್ಯಾಮು ಕಟ್ಟಲಿಲ್ಲ ಮಗಾ. ಕಟ್ಟಿದವರನ್ನು, ಪರಿಹಾರ ತಿಂದವರನ್ನು, ಸುಮ್ಮನಿದ್ದವರನ್ನು ಅವನು ಕೇಳುತ್ತಾನೆ. ನನ್ನ ದೀನ್ ಇಷ್ಟೇ." ಉತ್ತರ ಸರಿಯೋ ತಪ್ಪೋ, ಹುಡುಗನಿಗೆ ಅದು ಅಪ್ಪನ ಉತ್ತರವಾಗಿತ್ತು. ಮುಂದಿನ ವಾರ ಅವನು ಅದನ್ನೂ ಪ್ರಶ್ನಿಸಿದ. ಚಾಚಾನಿಗೆ ಖುಷಿಯಾಯಿತು.

ಎಲ್ಲ ನೆಟ್ಟಗಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಚಾಚಿ ಬಹಳ ದಿನ ನಮ್ಮ ಜೊತೆ ಮಾತು ಬಿಟ್ಟಿದ್ದಳು. ಹುಡುಗಿ ಕೆಲವು ದಿನ ತಲೆಬಟ್ಟೆ ಹಾಕಿಕೊಂಡಳು, ಕೆಲವು ದಿನ ಹಾಕಲಿಲ್ಲ. ಶಾಲೆ ಬಿಡಿಸಲಿಲ್ಲ. ಚಾಚಾ ಒಮ್ಮೆ ನಮಗೆ ಹೇಳಿದರು: "ಬೇಟಾ, ನನ್ನ ಮನಸ್ಸು ಪೂರಾ ಒಪ್ಪಿಲ್ಲ. ಆದರೆ ಶಾಲೆಯ ಹೊತ್ತಿಗೆ ಬಸ್‌ಸ್ಟಾಂಡಿನ ಕಡೆ ನಾನು ಗಾಡಿ ಒಯ್ಯುವುದಿಲ್ಲ. ಅವಳು ಕರೆದರೆ ಮಾತ್ರ ಹೋಗುತ್ತೇನೆ." ಒಬ್ಬ ಅಪ್ಪ ಇಷ್ಟು ಬಗ್ಗಿದ್ದು ಸಣ್ಣ ಮಾತಲ್ಲ.

2024ರಲ್ಲಿ ನಾವು ಊರಿಗೆ ಬಂದೆವು. 2025ರ ಮೇ ತಿಂಗಳಲ್ಲಿ ಆ ಹುಡುಗಿಯ ಸಂದೇಶ ಬಂತು: "ಭಾಯಿ, ಲಂಡನ್ನಿನಲ್ಲಿ ಬಹುಮಾನ ಬಂತಲ್ಲ, ಹಾಸನದ ಬಾನು ಮುಷ್ತಾಕ್, ಅವರು ನಿಮ್ಮ ಭಾಷೆಯವರಾ? ಮಸೀದಿಯವರನ್ನೂ ಗಂಡಸರನ್ನೂ ಹಾಗೆ ಕೇಳಬಹುದಾ?" ನಾವು ಬರೆದೆವು: "ಹೌದು, ನಮ್ಮ ಭಾಷೆಯವರು. ಬಂಡಾಯದವರು. ಕೇಳಬಹುದು, ಕೇಳಲೇಬೇಕು."

ಧರ್ಮವನ್ನು ಮಕ್ಕಳ ಕೈಗೆ ಕೊಡುವವರು ಅದರ ಜೊತೆ ಪ್ರಶ್ನೆಯನ್ನೂ ಕೊಡಬೇಕು. ಇಲ್ಲದಿದ್ದರೆ ಅದು ಕೈಗೆ ಕೊಟ್ಟ ಹಣತೆಯಲ್ಲ, ಕೊರಳಿಗೆ ಕಟ್ಟಿದ ಗುಂಡುಕಲ್ಲು. ಬ್ರಾಡ್‌ಫರ್ಡಿನಲ್ಲೂ ಅಷ್ಟೇ, ಬಾಗಲಕೋಟೆಯಲ್ಲೂ ಅಷ್ಟೇ. ಇದನ್ನು ನಮಗೆ ಕಲಿಸಿದವರು ಮೌಲ್ವಿಗಳಲ್ಲ, ಪ್ರಾಧ್ಯಾಪಕರೂ ಅಲ್ಲ, ಇಬ್ಬರು ಹುಡುಗಿಯರು.

ನಮ್ಮ ತಂಗಿ ಖಾಸಗಿಯಾಗಿ ಪಿಯುಸಿ ಕಟ್ಟಿ ಪಾಸಾದಳು. ಈಗ ಡಿಗ್ರಿ ಓದುತ್ತಿದ್ದಾಳೆ. ತಲೆಯ ಮೇಲೆ ಬಟ್ಟೆ ಹಾಕಿಕೊಂಡು ಹೋಗುತ್ತಾಳೋ ಇಲ್ಲವೋ ಎಂದು ಕೆಲವರು ನಮ್ಮನ್ನು ಕೇಳುತ್ತಾರೆ. ನಾವು ಹೇಳುವುದಿಲ್ಲ. ಬೇಕಾದರೆ ಅವಳನ್ನೇ ಕೇಳಿರಿ.